ಹನಿ ಬೀಳದ ಸೋರಿಕೆ

ಆ ದಿನ ಬೆಳಿಗ್ಗೆ ಚಳಿ ಗಟ್ಟಿಯಾಗಿತ್ತು. ಬಿಸಿಲು ಬಂದಿತ್ತು, ಆದರೆ ಗ್ಯಾರೇಜಿನ ತಗಡಿನ ಮೇಲೇ ಕೂತುಬಿಟ್ಟಿತ್ತು. ಕೆಳಗಿಳಿಯಲು ಅದಕ್ಕೆ ಮನಸ್ಸಿರಲಿಲ್ಲ. ರಸ್ತೆಯ ಗಾಡಿಗಳೆಲ್ಲ ಬಿಳಿ ಹೊಗೆ ಬಿಡುತ್ತ ಹೋಗುತ್ತಿದ್ದವು. ಹಾಗಾಗಿ ಅವಳ ಪಿಕಪ್ಪಿನ ಹೊಗೆಯನ್ನು ಯಾರೂ ಬೇರೆಯಾಗಿ ನೋಡಲಿಲ್ಲ.

ಅವಳು ಮನೆಮನೆಗೆ ಕುಡಿಯುವ ನೀರಿನ ಕ್ಯಾನ್ ಹಾಕುವವಳು. ಊರಿಗೆಲ್ಲ ನೀರು ಹಂಚುವವಳ ಗಾಡಿಯಲ್ಲೇ ನೀರು ನಿಲ್ಲುತ್ತಿಲ್ಲ ಎಂದು ಬೀದಿಯವರು ನಗಾಡುತ್ತಿದ್ದರು. ನಿಜಕ್ಕೂ ನಿಲ್ಲುತ್ತಿರಲಿಲ್ಲ. ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಎರಡು ಮೂರು ದಿನಕ್ಕೊಮ್ಮೆ ಡಬ್ಬಿಯ ಗೆರೆಯಿಂದ ಕೆಳಗಿಳಿಯುತ್ತಿತ್ತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ.

ಗ್ಯಾರೇಜಿನ ಮೇಸ್ತ್ರಿ ಎಲ್ಲವನ್ನೂ ನೋಡಿದ್ದ. ರೇಡಿಯೇಟರಿನ ಮುಚ್ಚಳ ಬದಲಿಸಿದ್ದ, ಹೋಸ್ ಪೈಪುಗಳನ್ನು ಬೆರಳಿನಿಂದ ತಡವಿದ್ದ, ವಾಟರ್ ಪಂಪಿನ ಕೆಳಗೆ ಕಾಗದ ಹಾಸಿ ಕಾದಿದ್ದ. ಆಯಿಲಿನಲ್ಲಿ ನೀರು ಬೆರೆತಿರಲಿಲ್ಲ. ಗಾಳಿ ತುಂಬಿ ಒತ್ತಡ ನೋಡಿದರೆ ಮೀಟರಿನ ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಎಲ್ಲಿಗೋ ಹೋಗುತ್ತಿದೆ ಎಂಬುದು ಖಾತ್ರಿ. ಎಲ್ಲಿಗೆ ಎಂಬುದಷ್ಟೇ ತಿಳಿಯದು.

ಬಂದಾಗೆಲ್ಲ ಅವಳು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಅವನ ಕೈಗಳನ್ನೇ ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಸಾಕು, ಸ್ಪ್ಯಾನರುಗಳ ಕಡೆ ತಿರುಗಿ, ಕೊಳ್ಳಲು ಬಂದವಳ ಹಾಗೆ ಒಂದೊಂದನ್ನೇ ಪರಿಶೀಲಿಸುತ್ತಿದ್ದಳು.

ಆ ದಿನ ಅವಳ ಅಪ್ಪನೂ ಜೊತೆಗೆ ಬಂದಿದ್ದರು. ಇನ್ನೊಂದು ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಎಂದಿದ್ದರಂತೆ. ಬಿಚ್ಚಿಸುವುದಕ್ಕಿಂತ ಗಾಡಿಯನ್ನೇ ಕೊಟ್ಟುಬಿಡುವುದು ವಾಸಿ, ಸಂಜೆ ಕೊಳ್ಳುವವರೊಬ್ಬರು ನೋಡಲು ಬರುತ್ತಾರೆ ಎಂದರು ಅಪ್ಪ. ಗಾಡಿ ಹೋದರೆ ಮಗಳು ಮತ್ತೆ ಚಿಕ್ಕಪ್ಪನ ಅಂಗಡಿಯ ಮೂಲೆಯಲ್ಲಿ ಕೂರಬೇಕು. ಅದನ್ನು ಅವರು ಹೇಳಲಿಲ್ಲ; ಅವಳ ಮುಖ ಹೇಳಿತು.

ಎಲ್ಲಿ ಕೆಟ್ಟಿದೆಯೆಂದು ಗೊತ್ತಾಗದೆ ಇಂಜಿನ್ನಿಗೆ ಕೈ ಹಾಕಲಾರೆ ಎಂದ ಮೇಸ್ತ್ರಿ. ಸಂಜೆಯವರೆಗೆ ನೋಡು ಎಂದು ಅಪ್ಪ ಟೀ ಕುಡಿಯಲು ಹೋದರು.

ಅವಳು ಗಾಡಿ ಸ್ಟಾರ್ಟ್ ಮಾಡಿಟ್ಟು ಇಳಿದು ಹಿಂದೆ ಬಂದಳು. ಅವನೂ ಅಲ್ಲೇ ನಿಂತಿದ್ದ. ಎತ್ತಲೋ ನೋಡುತ್ತ ಹೇಳಿದಳು: “ಬೇಜಾರು ಮಾಡ್ಕೋಬೇಡಿ. ಆ ಸೆಂಟ್ ಸ್ವಲ್ಪ ಕಮ್ಮಿ ಹಾಕ್ಕೊಳ್ಳಿ. ಅಪ್ಪಂಗೆ ಗೊತ್ತಾಗ್ಬಿಡತ್ತೆ.”

“ಯಾವ ಸೆಂಟು?”

“ನಾನು ಬಂದಾಗೆಲ್ಲ ಹಾಕ್ಕೊಂಡಿರ್ತೀರಲ್ಲ. ಸಕ್ಕರೆ ಪಾಕದ ಹಾಗೆ, ಸಿಹಿಸಿಹಿ.”

“ನಾನು ಡೀಸೆಲ್ ಬಿಟ್ರೆ ಇನ್ನೇನೂ ಹಚ್ಕೊಳ್ಳಲ್ಲ.”

ಅವಳ ಕಿವಿ ಕೆಂಪಾಯಿತು. ಆದರೆ ಅವನು ಅವಳನ್ನು ನೋಡುತ್ತಿರಲಿಲ್ಲ, ಸೈಲೆನ್ಸರಿನ ಬಾಯಿಯನ್ನು ನೋಡುತ್ತಿದ್ದ. ಕೂಲೆಂಟ್ ಸುಟ್ಟರೆ ಸಿಹಿ ವಾಸನೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿಯುವ ಪಾಠ ಅದು.

“ನಂಗೆ ವಾಸನೆ ಗೊತ್ತಾಗಲ್ಲ,” ಎಂದ ಮೆಲ್ಲಗೆ. “ಹೋದ ವರ್ಷ ಜ್ವರ ಬಂದಿತ್ತಲ್ಲ, ಆಗಿಂದ. ಮನೇಲಿ ಅತ್ತಿಗೆಗೂ ಹೇಳಿಲ್ಲ. ಮೂಗಿಲ್ಲದ ಮೇಸ್ತ್ರಿ ಅಂತ ಗೊತ್ತಾದ್ರೆ ಯಾರು ಗಾಡಿ ತರ್ತಾರೆ?”

ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡರೆ ಯಾರ ಹತ್ತಿರ ಹೋಗಿ ಕೇಳುವುದು? ಬೆಳಿಗ್ಗೆ ಕೈಮುಗಿದು ನಿಂತಾಗ ಅವನು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳುತ್ತಿದ್ದ. ಇತ್ತೀಚೆಗೆ ಉಳಿದದ್ದು ಎಂದರೆ ಹೆಚ್ಚಾಗಿ ಅವಳೇ.

ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಸೈಲೆನ್ಸರಿನ ಹತ್ತಿರ ಬಗ್ಗಿದಳು. “ಇಲ್ಲೇ ಬರ್ತಿರೋದು. ಇನ್ನೆಲ್ಲಿ ಮೂಸ್ಬೇಕು ಹೇಳಿ.”

ಇಂಜಿನ್ನಿನ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಇಜಿಆರ್ ಕೂಲರ್ ಎಂದು. ಹೊರಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಂಪು ಮಾಡಿ ಇಂಜಿನ್ನಿಗೇ ಮರಳಿಸುವುದು ಅದರ ಕೆಲಸ. ಅದರೊಳಗೆ ಕೂಲೆಂಟ್ ಹರಿಯುತ್ತದೆ. ಇಂಜಿನ್ ಆರಿದ ಮೇಲೆ ಅವನು ಅದರ ಪೈಪು ಬಿಚ್ಚಿದ. ಒಣಗಿರಬೇಕಾದ ಮಸಿ ಒದ್ದೆಯಾಗಿತ್ತು. ಅವಳು ಬಗ್ಗಿ ಮೂಸಿ ತಲೆಯಾಡಿಸಿದಳು. ಪೆಟ್ಟಿಗೆಯನ್ನು ಕಳಚಿ, ಬಕೆಟ್ಟಿಗೆ ನೀರು ತುಂಬಿ ಮುಳುಗಿಸಿ, ಒಳಗೆ ಗಾಳಿ ಕೊಟ್ಟಾಗ ಗುಳ್ಳೆಗಳು ಸಾಲಾಗಿ ಎದ್ದವು. ಕೂದಲೆಳೆಯಷ್ಟು ಬಿರುಕು. ಕೂಲೆಂಟ್ ಅಲ್ಲಿಂದ ಹೊಗೆಯೊಳಗೆ ಸೇರಿ, ಸುಟ್ಟು ಹೊರಟುಹೋಗುತ್ತಿತ್ತು.

ಅಪ್ಪ ಬಂದು ಗುಳ್ಳೆಗಳನ್ನು ಬಹಳ ಹೊತ್ತು ನೋಡಿದರು. ಈ ಪೆಟ್ಟಿಗೆಯೊಂದನ್ನು ಬದಲಿಸಿದರೆ ಸಾಕು, ಇಂಜಿನ್ ಬಿಚ್ಚಬೇಕಾಗಿಲ್ಲ ಎಂದ ಮೇಸ್ತ್ರಿ. ಹಿಡಿದುಕೊಟ್ಟವರು ನಿಮ್ಮ ಮಗಳು ಎಂದೂ ಸೇರಿಸಿದ.

“ಚಿಕ್ಕೋಳಿದ್ದಾಗಿಂದ್ಲೂ ಹಾಗೇ,” ಎಂದರು ಅಪ್ಪ, “ಬಚ್ಚಿಟ್ಟಿದ್ದನ್ನೆಲ್ಲ ಮೂಸಿ ಹಿಡೀತಾಳೆ.” ಸಂಜೆ ಬರುವವರಿಗೆ ಬರಬೇಡಿ ಎಂದು ಫೋನ್ ಮಾಡಿದರು. ಮೇಸ್ತ್ರಿ ತಲೆ ತಗ್ಗಿಸಿಕೊಂಡು ನಟ್ಟುಗಳನ್ನು ಆರಿಸುತ್ತಿದ್ದ.

ಹೊಸ ಕೂಲರ್ ಕೂತಿತು. ಮತ್ತೆ ನೀರು ಇಳಿಯಲಿಲ್ಲ. ಒಳ್ಳೆಯ ಕೆಲಸವೇ, ಆದರೆ ಗಾಡಿ ಸರಿಯಾದ ಮೇಲೆ ಅವಳು ಬರಲು ಕಾರಣವೂ ಉಳಿಯಲಿಲ್ಲ. ವಾರ ಕಳೆಯಿತು. ಅವಳ ಗಾಡಿಯ ಸದ್ದು ಬೀದಿಯ ಕೊನೆಯಲ್ಲಿ ಕೇಳಿಸಿ ಹಾಗೇ ದಾಟಿಹೋದಾಗ, ತಾನೇ ಮಾಡಿದ ರಿಪೇರಿಯ ಮೇಲೆ ಅವನಿಗೆ ಸಣ್ಣಗೆ ಮುನಿಸು ಬರುತ್ತಿತ್ತು.

ಒಂದು ಮಧ್ಯಾಹ್ನ ಗಾಡಿ ದಾಟಿಹೋಗಲಿಲ್ಲ. ಒಳಗೇ ಬಂದು ನಿಂತಿತು. ಅವನು ಅವಸರವಾಗಿ ಬಾನೆಟ್ ಎತ್ತಿ ನೋಡಿದ.

“ಗೆರೆ ಮೇಲೇ ಇದೆಯಲ್ಲ. ಏನು ತೊಂದ್ರೆ?”

“ತೊಂದ್ರೆ ಏನಿಲ್ಲ. ನೀವು ನಂಗೊಂದು ಗುಟ್ಟು ಹೇಳಿದ್ರಿ. ನಾನು ಒಂದು ಹೇಳೋದು ಬಾಕಿ ಉಳ್ಕೊಂಡಿತ್ತು.”

ಅವಳೇ ಬಾನೆಟ್ ಇಳಿಸಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತಳು.

“ಅಪ್ಪ ಬಂದಿದ್ರಲ್ಲ, ಅದರ ಹಿಂದಿನ ಸಲ ನೀರು ಇನ್ನೂ ಇಳಿದೇ ಇರ್ಲಿಲ್ಲ. ನಾನೇ ಒಂದು ಲೋಟ ತೆಗೆದು ಬಂದಿದ್ದೆ.”

ಅವನು ಕೈಯ ಮಸಿಯನ್ನು ಒರೆಸಿದ, ಒರೆಸುತ್ತಲೇ ಇದ್ದ.

“ಇನ್ಮೇಲೆ ತೆಗೀಬೇಡಿ,” ಎಂದ. “ಹಾಗೇ ಬನ್ನಿ.”