ಮಾಂತ್ರಿಕ ಕೋರಿದ ಕೋರ

ಬಹಳ ಬಹಳ ಹಿಂದೆ, ಮೋಡಗಳು ಬಾಗಿಲ ಮುಂದೆಯೇ ಬಿದ್ದುಕೊಳ್ಳುವಷ್ಟು ಎತ್ತರದ ಬೆಟ್ಟಗಳ ಮೇಲೆ ಇಂಕಾ ಜನರ ಒಂದು ರಾಜ್ಯವಿತ್ತು. ಆ ರಾಜ್ಯದ ದೊರೆಗಳದ್ದು ಒಂದು ವಿಚಿತ್ರ ಅಭ್ಯಾಸ. ಸತ್ತರೂ ಸಿಂಹಾಸನ ಬಿಡುತ್ತಿರಲಿಲ್ಲ! ನಗಬೇಡಿ, ನಿಜ. ಸತ್ತ ಮೇಲೂ ಅರಮನೆ ಅವರದೇ, ಹೊಲ ಅವರದೇ, ಲಾಮಾ ಹಿಂಡು ಅವರದೇ. ಹೊತ್ತುಹೊತ್ತಿಗೆ ಊಟ ಬಡಿಸಬೇಕು. ಹಬ್ಬಕ್ಕೆ ಹೊಸ ಬಟ್ಟೆ ಉಡಿಸಬೇಕು. ಊರಲ್ಲಿ ಯಾರದೇ ಮದುವೆಯಾದರೂ ಅವರ ಒಪ್ಪಿಗೆ ಕೇಳಬೇಕು.

ಅವರಲ್ಲಿ ಎಲ್ಲರಿಗಿಂತ ಹಿರಿಯ ಕುಂತೂರ ದೊರೆ. ಹೆಸರಿಗೆ ತಕ್ಕಂತೆ ಕುಂತಲ್ಲೇ ಕುಂತಿದ್ದ. ಮೈ ಒಣಗಿ ಹಪ್ಪಳವಾಗಿತ್ತು, ನಾಲಗೆ ಮಾತ್ರ ಚುರುಕು. ಅವನ ಮಾತು ಕೇಳಿಸುತ್ತಿದ್ದದ್ದು ಒಬ್ಬಳಿಗೇ, ಅವನ ಮೇಲೆ ಕೂರುವ ನೊಣ ಓಡಿಸುವ ಮಾಯ್ವಳಿಗೆ. ಹೆತ್ತವರಿಲ್ಲದ ಅವಳನ್ನು ಈ ದೊರೆ ಅಜ್ಜನೇ ಬೈದು ಬೈದು ಬೆಳೆಸಿದ್ದ. "ಲೇ ಹುಡುಗಿ, ಗೆಡ್ಡೆ ಬೆಂದಿಲ್ಲ. ಹೆಂಡಕ್ಕೆ ನೀರು ಬೆರೆಸಿದ್ದು ಯಾರು?" ಎಂದು ಗೊಣಗದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅವಳಿಗೂ ಅಷ್ಟೇ, ಆ ಗೊಣಗಾಟ ಕೇಳದೆ ಬೆಳಗಾಗುತ್ತಿರಲಿಲ್ಲ. ಇನ್ನೊಂದು ಮಾತು. ಅಜ್ಜನ ಎದುರು ಯಾರಾದರೂ ಆಣೆ ಇಟ್ಟರೆ, ಆ ಆಣೆ ಅವರನ್ನು ಹಗ್ಗದ ಹಾಗೆ ಕಟ್ಟಿಹಾಕುತ್ತಿತ್ತು.

ಹೀಗಿರುವಾಗ ಸ್ಪೇನ್ ದೇಶದಿಂದ ಬಲ್ತಸಾರನೆಂಬ ಗಡ್ಡದ ಮಾಂತ್ರಿಕ ಬಂದ. ಬೆಂಕಿ ಉಸಿರಾಡುವ ಕುದುರೆ, ಕಬ್ಬಿಣ ತೊಟ್ಟ ಸೈನಿಕರು, ಕೈಯಲ್ಲಿ ಮಂತ್ರದ ಕೋಲು. ಬಂದದ್ದು ಚಿನ್ನಕ್ಕಾಗಿ. ಇಂಕಾ ಮಾತು ಬಾರದಲ್ಲ, ಅದಕ್ಕೂ ಒಂದು ಮಂತ್ರ ಹಾಕಿದ. ಆದರೆ ಬೆಟ್ಟದ ಚಳಿ ನೋಡಿ, ಮಂತ್ರದ ನಡುವೆ ಒಂದು ಸೀನು ಬಂತು. ಭಾಷೆಯೆಲ್ಲ ಬಂತು, ಒಂದೇ ಒಂದು ಪದದ ಗುಡಿಸು ಮಾತ್ರ ಉದುರಿಹೋಯಿತು. ಆ ಜನರ ಮಾತಿನಲ್ಲಿ ಕೋರಿ ಎಂದರೆ ಚಿನ್ನ. ಕೋರ ಎಂದರೆ ಹೊಲದ ಕಳೆ.

ಬಲ್ತಸಾರ ಕೋಲು ಬೀಸಿದ. ಅರಮನೆಯ ಕಾವಲುಗಾರರೆಲ್ಲ ಗಿನಿಯಿಲಿಗಳಾಗಿ ಚೀಂಚೀಂ ಎಂದರು. ಅವನು ನೇರ ಒಳಗೆ ಬಂದು ಅಜ್ಜನ ಪಕ್ಕದಲ್ಲಿ ಉರಿಯುವ ಪಂಜು ಹಿಡಿದು ನಿಂತ.

"ಸಂಜೆಯೊಳಗೆ ಪಕ್ಕದ ಕೋಣೆಯ ತುಂಬ ಕೋರ ತುಂಬಿಸಬೇಕು. ಇಲ್ಲದಿದ್ದರೆ ಈ ಮುದುಕ ಸೌದೆ!"

ಮಾಯ್ವ ಅಜ್ಜನಿಗೂ ಪಂಜಿಗೂ ನಡುವೆ ನುಗ್ಗಿ ನಿಂತಳು. ಒಣಗಿದ ಜೀವ, ಕಿಡಿ ತಾಗಿದರೆ ಸಾಕು. ಆದರೂ ಅನುಮಾನವಾಗಿ ಕೇಳಿದಳು, "ಕೋರವೇ ಸ್ವಾಮಿ? ನಿಮ್ಮ ಊರಲ್ಲಿ ಸಿಗುವುದಿಲ್ಲವೇ?"

"ಅಲ್ಲಿ ಕೋರಕ್ಕಾಗಿ ಅಣ್ಣತಮ್ಮಂದಿರೇ ಕತ್ತಿ ಹಿಡಿಯುತ್ತಾರೆ. ರಾಣಿಯರು ಕೋರವನ್ನು ಕೊರಳಿಗೆ ಕಟ್ಟಿಕೊಂಡು ಮೆರೆಯುತ್ತಾರೆ!"

"ಅಯ್ಯೋ ಪಾಪ!" ಎಂದಳು ಮಾಯ್ವ. "ಹಾಗಾದರೆ ಬೇರು ಸಮೇತ ಕೊಡುತ್ತೇವೆ ಬಿಡಿ."

ಊರಿಗೆ ಊರೇ ಹೊಲಕ್ಕಿಳಿದು ಕಳೆ ಕಿತ್ತಿತು. ಸಂಜೆ ಬಲ್ತಸಾರ ಕೈ ಉಜ್ಜಿಕೊಳ್ಳುತ್ತ ಬಾಗಿಲು ತೆಗೆದ. ಹಸಿ ಕಳೆಯೆಲ್ಲ ದಬದಬನೆ ಅವನ ಮೇಲೆ ಬಿತ್ತು. ಗಡ್ಡದೊಳಗೆ ಒಂದು ಎರೆಹುಳು ಹೊಕ್ಕಿತು. ಕುದುರೆಯೊಂದಕ್ಕೆ ಮಾತ್ರ ಪರಮಾನಂದ, ಬೆಂಕಿ ಉಗುಳುವುದನ್ನೂ ಮರೆತು ಮೇಯತೊಡಗಿತು.

"ಇದಲ್ಲ ಕಣೇ! ಹಳದಿ ಕೋರ! ಫಳಫಳ ಹೊಳೆಯುವ ಕೋರ! ನಾಳೆ ಸಂಜೆಯೊಳಗೆ!"

ಮಾರನೆಯ ದಿನ ಜನ ಹಳದಿ ಹೂವಿನ ಕಳೆಯನ್ನೇ ಹುಡುಕಿ ಹುಡುಕಿ ಕಿತ್ತರು. ಹೊಳೆಯಲೆಂದು ಒಂದೊಂದನ್ನೂ ತೊರೆಯಲ್ಲಿ ತೊಳೆದರು. ಬಲ್ತಸಾರ ಬಾಗಿಲು ತೆಗೆದ. ಈ ಸಲ ಕಳೆಯ ಜೊತೆ ನೀರೂ ಬಿತ್ತು.

ಅವನ ಮುಖ ಕೆಂಡವಾಯಿತು. "ನನ್ನನ್ನೇ ಗೇಲಿ ಮಾಡುತ್ತೀರಾ? ಕರಗಿಸಿ ಗಟ್ಟಿ ಮಾಡುವ ಕೋರ ಬೇಕು! ನಾಳೆ ಕಡೆಯ ದಿನ!"

ಕರಗಿಸುವುದೇ? ಮಾಯ್ವಳಿಗೆ ಆಗ ಹೊಳೆಯಿತು. ಅಜ್ಜನ ಕಿವಿಯ ಬಳಿ ಬಾಗಿ ಅಳತೊಡಗಿದಳು. "ಅಜ್ಜಯ್ಯಾ, ಇವನಿಗೆ ಬೇಕಾದದ್ದು ಕೋರಿ! ಸೂರ್ಯದೇವರ ತೋಟದಲ್ಲಿ ಚಿನ್ನದ ಜೋಳದ ಗಿಡಗಳಿವೆಯಲ್ಲ, ಕೊಟ್ಟುಬಿಡೋಣ. ಚಿನ್ನ ಹೋದರೆ ಹೋಗಲಿ, ನನಗೆ ನೀವು ಬೇಕು."

ಅಜ್ಜ ಸ್ವಲ್ಪ ಹೊತ್ತು ಬೈಯಲಿಲ್ಲ. ಅದು ಅವನು ಮುದ್ದು ಮಾಡುವ ಬಗೆ. ಆಮೇಲೆ ಹೇಳಿದ, "ಮಗೂ, ಒಂದು ಕೋಣೆ ಕೊಟ್ಟರೆ ಎರಡು ಕೇಳುವ ಮುಖ ಅದು. ಚಿನ್ನದ ತೋಟವನ್ನು ಹೊಲಗಳಲ್ಲಿ ಹೂತುಬಿಡಲಿ ಎಂದು ಊರಿಗೆ ಹೇಳು. ನಾಳೆ ನನ್ನ ಎದುರೇ ಅವನ ಬಾಯಿಂದ ಆಣೆ ಹಾಕಿಸು. ಅವನ ಉಚ್ಚಾರ ಮಾತ್ರ ತಿದ್ದಬೇಡ!"

ಮೂರನೆಯ ದಿನ ಕೋಣೆ ಖಾಲಿ. ಬಲ್ತಸಾರ ಪಂಜು ಎತ್ತಿದ.

"ಸ್ವಾಮಿ, ಕೊಡುತ್ತೇವೆ," ಎಂದಳು ಮಾಯ್ವ. "ಒಂದು ಕೋಣೆಯೇಕೆ, ನಾಡಿನಲ್ಲಿರುವುದೆಲ್ಲ ನಿಮ್ಮದೇ. ಆದರೆ ಅದು ಸಿಕ್ಕ ಮೇಲೆ ಮತ್ತೇನಾದರೂ ಕೇಳಿದರೆ? ನಿಮಗೆ ಏನು ಬೇಕೋ ಅದನ್ನು ಅಜ್ಜಯ್ಯನ ಎದುರು ಬಾಯಿ ಬಿಟ್ಟು ಹೇಳಿ, ಆಣೆ ಇಡಿ."

ನಾಡಿನಲ್ಲಿರುವುದೆಲ್ಲ! ಬಲ್ತಸಾರನ ಬಾಯಲ್ಲಿ ನೀರೂರಿತು. ಎದೆಯುಬ್ಬಿಸಿ, "ನನಗೆ ಬೇಕಾದದ್ದು ಕೋ... ಕೋ..." ಎಂದು ತಡವರಿಸಿದ. ಗುಡಿಸು ಬಂದರೆ ಮುಗಿಯಿತು ಕತೆ.

"ಕೋರ!" ಎಂದು ಗುಡುಗಿದ ಪುಣ್ಯಾತ್ಮ. "ಈ ನಾಡಿನ ಕೋರವೆಲ್ಲ ನನ್ನ ಕೈ ಸೇರುವವರೆಗೆ ನಾನಾಗಲಿ ನನ್ನ ಸೈನಿಕರಾಗಲಿ ಇಲ್ಲಿಂದ ಕದಲುವುದಿಲ್ಲ! ಕೋರವಲ್ಲದೆ ಬೇರೇನನ್ನೂ ಕೈಯಿಂದ ಮುಟ್ಟುವುದಿಲ್ಲ! ಇದು ಆಣೆ!"

ಆಣೆ ಹಿಡಿಯಿತು. ಕೋಲು ಕಳೆಯಲ್ಲವಲ್ಲ, ಅವನ ಕೈಯಿಂದ ಜಾರಿ ಬಿದ್ದು ಎರಡು ತುಂಡಾಯಿತು. ಗಿನಿಯಿಲಿಗಳು ಮನುಷ್ಯರಾಗಿ ಮೀಸೆ ಸವರಿಕೊಂಡರು. ಪಂಜೂ ಕಳೆಯಲ್ಲ, ಅದೂ ಬಿತ್ತು, ಅಜ್ಜನ ಬಟ್ಟೆಯ ಅಂಚಿನ ಮೇಲೆಯೇ! ಮಾಯ್ವ ಹಿಂದುಮುಂದು ನೋಡಲಿಲ್ಲ. ಬರಿಗಾಲಲ್ಲಿ ತುಳಿದು ತುಳಿದು ಬೆಂಕಿ ಆರಿಸಿದಳು. ಅಂಗಾಲು ಬೊಬ್ಬೆಯೆದ್ದರೂ ಅವಳಿಗೆ ಗೊತ್ತಾಗಲಿಲ್ಲ.

"ಹೊಸ ಬಟ್ಟೆ ಕಣೇ, ಸುಟ್ಟೆಯಲ್ಲ!" ಎಂದು ಅಜ್ಜ ರೇಗಿದ. ಆ ಬೈಗುಳ ಕೇಳಿ ಅವಳು ನಕ್ಕು ನಕ್ಕು ಅತ್ತಳು.

ಬಲ್ತಸಾರನೂ ಅವನ ದಂಡೂ ಹೊಲಕ್ಕೆ ಇಳಿದರು. ಕೀಳುತ್ತಾರೆ, ಹಿಂದೆ ತಿರುಗಿದರೆ ಮತ್ತೆ ಮೊಳೆತಿರುತ್ತದೆ. ಕಳೆ ಎಲ್ಲಾದರೂ ಮುಗಿಯುವುದುಂಟೇ? ತಿನ್ನಲಿಕ್ಕೂ ಕಳೆಸೊಪ್ಪೇ. ಕಬ್ಬಿಣದ ಅಂಗಿ ಮಳೆಗೆ ತುಕ್ಕು ಹಿಡಿದು ಉದುರಿತು. ಆ ವರ್ಷ ಬೆಳೆದಂಥ ಗೆಡ್ಡೆ, ಜೋಳ ಹಿಂದೆಂದೂ ಬೆಳೆದಿರಲಿಲ್ಲ.

ಬರುಬರುತ್ತ ಬಲ್ತಸಾರನಿಗೆ ಆ ಕೆಲಸದ ಹುಚ್ಚೇ ಹಿಡಿಯಿತು. ಒಂದು ದಿನ ಬೇರಿನ ಜೊತೆ ಮಣ್ಣಿನಿಂದ ಏನೋ ಎದ್ದು ಬಂತು. ಫಳಫಳ ಹೊಳೆಯುವ ಚಿನ್ನದ ಜೋಳದ ತೆನೆ! ಅವನು ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿದ.

"ಥತ್, ಕೋರ ಅಲ್ಲ!" ಎಂದು ಕಾಲಲ್ಲಿ ಬದುವಿನಾಚೆ ಒದ್ದ. "ಯಾರಮ್ಮ ಹೊಲದಲ್ಲಿ ಇಂಥ ಕಸ ಹಾಕಿದ್ದು? ಕೆಲಸಕ್ಕೆ ಅಡ್ಡ!"

ಮಾಯ್ವ ತೆನೆ ಎತ್ತಿಕೊಂಡು ಅರಮನೆಗೆ ತಂದಳು. "ಅಜ್ಜಯ್ಯಾ, ಇದನ್ನೇನು ಮಾಡಲಿ?"

"ತಾ ಇಲ್ಲಿ," ಎಂದ ಅಜ್ಜ. "ಬೆನ್ನು ನವೆಯುತ್ತಿದೆ, ತುರಿಸು. ಅಲ್ಲಲ್ಲ, ಸ್ವಲ್ಪ ಮೇಲೆ!"

ಅವಳು ತುರಿಸಿದಳು. ಬೆಟ್ಟದ ಜನ ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದರು. ಸತ್ತವರೂ ಬದುಕಿದ್ದವರೂ ಒಟ್ಟಿಗೆ ಸುಖವಾಗಿದ್ದರು.