ಹಳೇಪೇಟೆ ಸ್ಟೇಷನ್ನಿನ ಗಂಟೆ

೧೯೫೬ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಗುಜರಿ ವ್ಯಾಪಾರಿ ಯರ್ರೆಪ್ಪ ಆದೋನಿ ಠಾಣೆಗೆ ಬಂದ. ಮುಚ್ಚಿಹೋದ ಹಳೇಪೇಟೆ ರೈಲ್ವೆ ಸ್ಟೇಷನ್ನಿನ ಸಾಮಾನನ್ನು ಅವನು ಹರಾಜಿನಲ್ಲಿ ಹಿಡಿದಿದ್ದ. ಅದರಲ್ಲಿ ಹಿತ್ತಾಳೆ ಗಂಟೆ ಕಾಣೆಯಾಗಿತ್ತು. ಸಬ್ ಇನ್ಸ್‌ಪೆಕ್ಟರ್ ಆದೆಪ್ಪ ಎಫ್.ಐ.ಆರ್. ಬರೆದು, ಕಾನ್‌ಸ್ಟೇಬಲ್ ದಸ್ತಗಿರಿಯನ್ನು ಕರೆದುಕೊಂಡು ಬಿಸಿಲಿಗೆ ಇಳಿದರು.

ಹತ್ತಿ ಸಾಗಿಸಲೆಂದೇ ಕಟ್ಟಿದ ಸ್ಟೇಷನ್ನು ಅದು. ಯುದ್ಧದ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಲಾರಿಗಳು ಬಂದವು, ಗಾಡಿ ನಿಂತಿತು. ಈಗ ಪ್ಲಾಟ್‌ಫಾರಂ ಮೇಲೆ ಕುರಿಗಳು ಮಲಗಿದ್ದವು.

ಗಂಟೆ ತೂಗುತ್ತಿದ್ದ ಕಂಬಕ್ಕೆ ವಿಭೂತಿ, ಕುಂಕುಮ ಹಚ್ಚಿತ್ತು. ಬುಡದಲ್ಲಿ ಒಡೆದ ಕಾಯಿ.

“ಪೂಜಿ ಮಾಡಿ ಕದಿಯೋ ಕಳ್ಳನ್ನ ನಾ ನೋಡಿಲ್ಲ ಸಾರ್,” ದಸ್ತಗಿರಿ ನಕ್ಕ.

“ಇಲ್ಲಿ ಆಯುಧಪೂಜಿ ಯಾರು ಮಾಡ್ತಿದ್ರು?”

“ಹಳಿ ಬದಲಿಸೋ ಪಾಯಿಂಟ್ಸ್‌ಮನ್ ಸುಂಕಪ್ಪ. ಸ್ಟೇಷನ್ ಮಾಸ್ತರ್ರು ಬದಲಾಗ್ತಿದ್ರು, ಆತ ಬದಲಾಗ್ಲಿಲ್ಲ.”

ಸುಂಕಪ್ಪನ ಗುಡಿಸಲು ಊರಾಚೆ. ಪಕ್ಕದ ಮನೆಯ ಗಂಗಕ್ಕ ಅಡ್ಡ ನಿಂತಳು.

“ಇಲ್ಲಿ ಗಂಟಿ ಸಪ್ಪಳ ಕೇಳಿಸ್ತೈತೇನಮ್ಮಾ?”

“ನನ್ನ ಕಿವಿ ಕಿವುಡ್ರಿ ಸಾಹೇಬ್ರ.”

“ಮತ್ತ ನಾ ಕೇಳಿದ್ದು ಹೆಂಗ ಕೇಳಿಸ್ತು?”

ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿತ್ತಲ ಬೇವಿನ ಮರಕ್ಕೆ ಗಂಟೆ ಕಟ್ಟಿತ್ತು. ಸುಂಕಪ್ಪ ಓಡಲಿಲ್ಲ.

“ಕದ್ದೀಯೇನು?”

“ತಂದೀನ್ರಿ.”

“ಯಾಕ?”

“ಮಧ್ಯಾಹ್ನದ ಗಾಡಿಗೆ ಗಂಟಿ ಬಾರಿಸಿ ಉಣ್ಣಾಕ ಮನಿಗೆ ಬರ್ತಿದ್ದೆ. ಈಗ ನನ್ನಾಕಿಗೆ ಕಣ್ಣಿಲ್ಲ, ನೆಪ್ಪಿಲ್ಲ. ಗಂಟಿ ಸಪ್ಪಳ ಆಗೋತನಕ ತುತ್ತು ಮುಟ್ಟಂಗಿಲ್ರಿ. ‘ನನ್ನ ಗಂಡ ಇನ್ನಾ ಡ್ಯೂಟಿ ಮ್ಯಾಲ ಅದಾನ’ ಅಂತಾಳ. ಮುಂದ ಕುಂತ್ರ ನೀ ಯಾರು ಅಂತಾಳ.” ಅವನು ನೆತ್ತಿಯ ಸೂರ್ಯನನ್ನು ನೋಡಿದ. “ಇವತ್ತಿಂದೊಂದು ಬಾರಿಸ್ಲೇನ್ರಿ?”

ಆದೆಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಬೇಡ ಎನ್ನಲಿಲ್ಲ.

ಸುಂಕಪ್ಪ ಗಂಟೆ ಬಾರಿಸಿ ಒಳಗೆ ಹೋದ.

“ಗಾಡಿ ತಡಾ ಆತೇನು?” ಹೆಂಡತಿ ಉಚ್ಚಮ್ಮನ ದನಿ.

“ಹ್ಞೂಂ, ತಡಾ ಆತು. ಉಣ್ಣು.”

ಉಣಿಸಿ, ಕೈ ತೊಳೆದು ಹೊರಬಂದು ಬೇಡಿಗೆಂದು ಎರಡೂ ಕೈ ಮುಂದೆ ಚಾಚಿದ. ಪಂಚನಾಮೆಗೆ ಗಂಗಕ್ಕ ಹೆಬ್ಬೆಟ್ಟು ಒತ್ತಿದಳು, ಕಣ್ಣೆತ್ತಿ ನೋಡದೆ.

‘ಹೆಂಡತಿಗೆ ಉಣಿಸುವುದಕ್ಕಾಗಿ ಕಳವು’ ಎಂದು ಆದೆಪ್ಪ ವರದಿಯಲ್ಲಿ ಬರೆದರು. ಮೇಲಿನವರು ಓದಿ, ಮನೆಯಲ್ಲಿ ಹಿಟ್ಟಿರಲಿಲ್ಲ ಎಂದುಕೊಳ್ಳುತ್ತಾರೆ. ತಿದ್ದುವಷ್ಟು ಮನಸ್ಸಾಗಲಿಲ್ಲ.

ಮರುದಿನ ಮಧ್ಯಾಹ್ನ ಠಾಣೆಯಲ್ಲಿ ಆದೆಪ್ಪ ಕೇಳಿದರು: “ಆಕಿ ಉಂಡಳೇನೋ?”

“ಗಂಗಕ್ಕ ಉಣ್ಣೋ ಗಂಗಾಳ ಬಡಿದು ನೋಡಿದ್ಲು ಸಾರ್,” ಎಂದ ದಸ್ತಗಿರಿ. “‘ಇದು ಗಂಗಾಳ ಐತಿ, ಗಾಡಿ ಇನ್ನಾ ಬಂದಿಲ್ಲ’ ಅಂದು ಉಚ್ಚಮ್ಮ ಮಕ ತಿರುವಿದ್ಲು.”

ಮೇಜಿನ ಕೆಳಗೆ, ಕೇಸಿನ ಚೀಟಿ ಅಂಟಿಸಿದ ಗಂಟೆ ಗೋಣಿಚೀಲದ ಮೇಲೆ ಬಿದ್ದಿತ್ತು.