ಸೀಲು ಒಡೆಯದ ಬ್ರಷ್

"ಹಲ್ಲುಜ್ಜೋಕೆ ಬ್ಯಾಟರಿ ಬ್ರಷ್ ಬೇಕಿತ್ತು. ಜೇಬಿಗೆ ಕತ್ತರಿ ಹಾಕದೇ ಇರೋದು," ಎಂದರು ಅವರು.

ಚಿಕ್ಕಪ್ಪನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೌಂಟರ್ ನನ್ನದು. ಹನ್ನೊಂದು ವರ್ಷ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮಾರಿ ಮಾರಿ ನನ್ನ ನಾಲಿಗೆ ಹರಿತವಾಗಿದೆ. ಮೂವತ್ತಾರು ದಾಟಿದರೂ ಮದುವೆಯಾಗದಿರಲು ಅದೇ ಕಾರಣ ಎನ್ನುವುದು ಚಿಕ್ಕಮ್ಮನ ತೀರ್ಮಾನ. ಬಂದವರು ಅಪರಿಚಿತರೇನಲ್ಲ. ಎದುರು ಸಾಲಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವವರು. ನಾಲ್ಕು ವರ್ಷದಿಂದ ಬೆಳಿಗ್ಗೆ ಅಂಗಡಿ ತೆರೆಯುವಾಗ ಒಮ್ಮೆ, ಸಂಜೆ ಮುಚ್ಚುವಾಗ ಒಮ್ಮೆ ಈ ಕಡೆ ನೋಡುತ್ತಾರೆ. ನಾನು ನೋಡದವಳ ಹಾಗೆ ನೋಡುತ್ತೇನೆ. ನಮ್ಮಿಬ್ಬರ ಕಥೆ ಅಂದರೆ ಅಷ್ಟೇ. ಅಷ್ಟಕ್ಕೇ ನನಗೆ ದಿನ ಚೆನ್ನಾಗಿ ಹೋಗುತ್ತಿತ್ತು.

ಅವತ್ತು ಅವರು ಎದುರಿಗೇ ಬಂದು ನಿಂತಿದ್ದರು. ನಾನು ಕೆಲಸದ ಮಾತು ಹಿಡಿದುಕೊಂಡೆ. ಆ್ಯಪ್ ಇರುವುದು ಬೇಡ, ಹಲ್ಲುಜ್ಜಲು ಫೋನಿನ ಅಪ್ಪಣೆ ಯಾಕೆ ಎಂದೆ. ಐದು ಸ್ಪೀಡೂ ಬೇಡ, ಎರಡು ನಿಮಿಷದ ಟೈಮರ್ ಇದ್ದರೆ ಧಾರಾಳವಾಯಿತು. ಸವೆದಾಗ ಹಾಕುವ ಬದಲಿ ತಲೆ ಅಗ್ಗಕ್ಕೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಬೇಕು, ಬ್ರಷ್ ಅಗ್ಗ ಮಾಡಿ ತಲೆಯಲ್ಲಿ ತಲೆ ಬೋಳಿಸುವವರೂ ಇದ್ದಾರೆ ಎಂದೆ. ತೆಳ್ಳಗಿನ ಬಿಳಿ ಹ್ಯಾಂಡಲೊಂದನ್ನು ತೆಗೆದು, ನಮ್ಮ ಕೌಂಟರಿನ ಪದ್ಧತಿಯಂತೆ ನಾನೇ ಬಟನ್ ಒತ್ತಿ, ಓಡುತ್ತಿರುವಾಗಲೇ ಅವರ ಅಂಗೈಗಿಟ್ಟೆ. ಗಿರಾಕಿ ತಡಕಾಡಬಾರದು ಎನ್ನುವುದು ಚಿಕ್ಕಪ್ಪ ಕಲಿಸಿದ ಮೊದಲ ಪಾಠ.

ಅವರು ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಒಂದು ರೆಪ್ಪೆಯ ಮೇಲೆ ಮಿಷನ್ ಎಣ್ಣೆಯ ಸಣ್ಣ ಚುಕ್ಕೆ. ಒರೆಸಬೇಕೆನ್ನಿಸಿತು. ನನ್ನ ಕೈಯನ್ನು ನಂಬಲಾಗದೆ ಡ್ರಾಯರಿನೊಳಗೆ ಇಟ್ಟುಕೊಂಡೆ.

"ಮೋಟಾರ್ ಪರವಾಗಿಲ್ಲ. ಮಾರೋರು ಅದಕ್ಕಿಂತ ಜೋರಿದ್ದಾರೆ," ಎಂದರು.

"ಮಾರೋರಿಗೆ ಗ್ಯಾರಂಟಿ ಇಲ್ಲ," ಎಂದೆ. ಅವರು ನಕ್ಕ ನಗು ಎರಡು ದಿನ ನನ್ನ ಜೊತೆಗಿತ್ತು.

ನಾಲ್ಕು ದಿನಕ್ಕೆ ವಾಪಸ್ ಬಂದರು. ಬೇರೆ ಕೊಡಿ, ಇದು ಸರಿಹೋಗಲಿಲ್ಲ ಎಂದರು. ಏನಾಯಿತು ಎಂದರೆ ನೆಲ ನೋಡಿದರು. ಬಾಯಿಗಿಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ ಎನ್ನುತ್ತ ಡಬ್ಬಿ ತೆರೆದೆ. ಬ್ರಷ್ಷಿನ ತಲೆಯ ಪ್ಲಾಸ್ಟಿಕ್ ಸೀಲು ಹಾಗೇ ಇತ್ತು. ಒಮ್ಮೆಯೂ ಉಜ್ಜಿರಲಿಲ್ಲ.

ನನ್ನೊಳಗೆ ಯಾರೋ ದೀಪ ಹಾಕಿದ ಹಾಗಾಯಿತು. ಇನ್ನೂ ಚೆಂದದ್ದು, ಇನ್ನೂ ತೆಳ್ಳಗಿನದು, ನೀಲಿಯದು ಕೊಟ್ಟೆ. ಬಟನ್ ನಾನೇ ಒತ್ತಿ ಕೊಟ್ಟೆ. ಅವರು ಅತ್ತ ಹೋದದ್ದೇ, ಚಿಕ್ಕಪ್ಪ ಪೇಪರಿನ ಹಿಂದಿನಿಂದ ಶುರುಮಾಡಿದರು. "ಬ್ರಷ್ ಬೇಕಾದವನು ಬಾಯಿಗಿಡ್ತಾನೆ ಕಣಮ್ಮ. ಇವನಿಗೆ ಬೇಕಾಗಿರೋದು ಬೇರೆ."

ಐದು ದಿನಕ್ಕೆ ಮತ್ತೆ ಬಂದರು. ಸೀಲು ಮತ್ತೆ ಹಾಗೇ. ಚಿಕ್ಕಪ್ಪ ಇಲ್ಲದ ಕೆಲಸ ನೆನಪಿಸಿಕೊಂಡು ಹೊರಗೆ ಹೋದರು. ನಾನು ದಿನವೂ ಹೊಸ ಓಲೆ ಹಾಕಿಕೊಂಡು ಕಾದಿದ್ದವಳು, ಧೈರ್ಯ ಮಾಡಿದೆ. "ಸೀಲೇ ಒಡೆದಿಲ್ಲ. ಮನಸ್ಸಲ್ಲಿರೋದು ನೇರ ಹೇಳಬಹುದಲ್ಲ. ನಾನೇನು ಕಚ್ಚಲ್ಲ."

ಅವರು ನೀಲಿ ಹ್ಯಾಂಡಲನ್ನು ಕೌಂಟರಿನ ಮೇಲಿಟ್ಟು ಹೆಬ್ಬೆರಳಿನಿಂದ ಬಟನ್ ಒತ್ತಿದರು. ಓಡಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು. ಆಗಲೂ ಇಲ್ಲ. ಪೀಸೇ ಕೆಟ್ಟಿದೆ ಎಂದುಕೊಂಡು ನಾನು ಒತ್ತಿದೆ. ತಕ್ಷಣ ಓಡಿತು.

ನರದ ಕಾಯಿಲೆಯಂತೆ. ಕೈಯಿಂದ ಶುರುವಾಗಿದೆ, ಅಲ್ಲಿಗೇ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಸೂಜಿಗೆ ದಾರ ಪೋಣಿಸಲಾಗದೆ ಮೂರು ತಿಂಗಳಾಯಿತು. ಕೈಯಾಡಿಸಿ ಉಜ್ಜಲು ಆಗುವುದಿಲ್ಲವೆಂದೇ ಈ ಬ್ರಷ್. ಅಂಗಡಿ ಬಿಟ್ಟುಕೊಟ್ಟಾಗಿದೆ, ಭಾನುವಾರ ದೂರದಲ್ಲಿರುವ ಅಕ್ಕನ ಮನೆಗೆ. ಇಷ್ಟನ್ನೂ ಬೇರೆ ಯಾರದೋ ಮಿಷನ್ನಿನ ರಿಪೇರಿ ಹೇಳುವಂತೆ ಹೇಳಿದರು.

ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹಾಗಾದ್ರೆ ಬಂದಿದ್ದೆಲ್ಲ ಬಟನ್‌ಗೋಸ್ಕರ," ಎಂದೆ.

"ಮೊದಲ್ನೇ ಸಲ ವಾಪಸ್ ತಂದಿದ್ದು ಬಟನ್‌ಗೇ. ನೀವು ಇನ್ನೂ ತೆಳ್ಳಗಿರೋದು ಕೊಟ್ರಲ್ಲ, ಆಗಲೇ ಗೊತ್ತಾಯ್ತು ಇದೂ ಆಗಲ್ಲ ಅಂತ. ಆದ್ರೂ ತಗೊಂಡು ಹೋದೆ. ಮತ್ತೊಂದು ಸಲ ಬರಬಹುದಲ್ಲ ಅಂತ."

ನನಗೆ ಅಳು ಬಂತು, ಸಿಟ್ಟೂ ಬಂತು. ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ ಎಂದು ಕೇಳಿದೆ. ನೀವೂ ಹಾಕಿಕೊಂಡಿದ್ದಿರಲ್ಲ ಎಂದರು. ನಾನೂ ಬರುತ್ತೇನೆ, ನಿಮ್ಮ ಅಕ್ಕನಿಗೆ ನಾನೇ ಫೋನ್ ಮಾಡುತ್ತೇನೆ ಎಂದೆ. ಅವರು ತಲೆಯಾಡಿಸಿದರು.

"ಬೇಡ. ನೀವು ನೋಡೋ ಹಾಗೆ ನನ್ನ ಯಾರೂ ನೋಡಿಲ್ಲ. ಎರಡು ವರ್ಷ ಹೋದ್ರೆ ನಾನು ನಿಮಗೆ ಬರೀ ಕೆಲಸ ಆಗ್ತೀನಿ. ಎತ್ತು, ಕೂರಿಸು, ಒರೆಸು. ಅದನ್ನ ನಿಮ್ಮ ಕಣ್ಣಲ್ಲಿ ನೋಡೋಕೆ ನನ್ನ ಕೈಲಾಗಲ್ಲ."

ಜಗಳವಾಡಿದೆ, ಬೇಡಿಕೊಂಡೆ. ಜಗ್ಗಲಿಲ್ಲ. ಇಷ್ಟ ಅಂತಾದರೂ ಬಾಯಿಬಿಟ್ಟು ಹೇಳಿ ಎಂದೆ.

"ಇಷ್ಟ. ತುಂಬಾ."

ಕಣ್ಣೊರೆಸಿಕೊಂಡು ಸ್ಟೂಲ್ ಹತ್ತಿದೆ. ಮೇಲಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಿದ್ದ ಮಕ್ಕಳ ಬ್ರಷ್ ಸಿಕ್ಕಿತು. ಎಲ್ಲಕ್ಕಿಂತ ಅಗ್ಗ, ದಪ್ಪ ರಬ್ಬರ್ ಹಿಡಿ, ದೊಡ್ಡ ಮೆತ್ತನೆಯ ಬಟನ್. ಈ ಸಲ ನಾನು ಒತ್ತಲಿಲ್ಲ. ಅವರು ಅಂಗೈಯಿಂದ ಅದುಮಿದರು, ಓಡಿತು. ಹಿಡಿಯ ಮೇಲೆ ಆನೆಯ ಸ್ಟಿಕ್ಕರ್ ಇತ್ತು, ಕೀಳಲು ಹೋದೆ. "ಇರಲಿ ಬಿಡಿ, ಅಲ್ಲಿ ಜೊತೆಗೆ ಯಾರಾದ್ರೂ ಬೇಕಲ್ಲ," ಎಂದರು.

ಎರಡನೇ ಸಲ ಬದಲಾಯಿಸಿದರೆ ಚೀಟಿ ಪುಸ್ತಕದಲ್ಲಿ ಗಿರಾಕಿಯ ಸಹಿ ಬೇಕು. ಅವರ ಬೆರಳುಗಳಿಂದ ಪೆನ್ನು ಜಾರಿತು. ಹೆಕ್ಕಿ ಕೊಟ್ಟೆ, ಮತ್ತೆ ಜಾರಿತು. ನಾನು ಕೌಂಟರ್ ಸುತ್ತಿ ಆಚೆ ಬಂದು, ಅವರ ಪಕ್ಕದಲ್ಲಿ ನಿಂತು, ಪೆನ್ನಿನ ಸಮೇತ ಆ ಕೈಯನ್ನು ನನ್ನ ಕೈಯೊಳಗೆ ಹಿಡಿದೆ. ಬೆಚ್ಚಗಿತ್ತು. ಇಬ್ಬರೂ ಸೇರಿ ಅವರ ಹೆಸರು ಬರೆದೆವು.

ಅವರೂ ಅಂಗಡಿ ನಡೆಸಿದವರು. ಒಂದು ಸಹಿ ಸಾಕೆಂದು ಅವರಿಗೆ ಗೊತ್ತಿಲ್ಲದೆ ಏನು? ನಾನು ಮುಂದಿನ ಹಾಳೆ ತಿರುವಿದೆ. ಅವರು ಏನೂ ಕೇಳದೆ ಕೈ ಅಲ್ಲೇ ಇಟ್ಟರು. ಪುಸ್ತಕದಲ್ಲಿ ಒಂಬತ್ತು ಹಾಳೆ ಉಳಿದಿದ್ದವು. ಒಂಬತ್ತಕ್ಕೂ ಸಹಿ ಹಾಕಿದೆವು.